ತಾಟು ಒಣಗಿತು, ಡಬ್ಬಿ ಒಣಗಲಿಲ್ಲ

ಯಂತ್ರ ಕೆಲಸ ಮುಗಿಸಿ ಸುಮ್ಮನಾಗಿ ಅರ್ಧ ಗಂಟೆಯಾಗಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿರುವ ನಮ್ಮ ಅಡುಗೆಮನೆಯಲ್ಲಿ ಅದರ ಬಾಗಿಲು ತೆರೆದವಳು ಖಾನಾಪುರದಿಂದ ಬಂದಿದ್ದ ಚಿಗವ್ವ. ಐವತ್ತು ವರ್ಷ ಮುಸುರೆ ತಿಕ್ಕಿದ ಕೈ ಅದು. ಮೊದಲು ಒಂದು ಸ್ಟೀಲ್ ತಾಟು ತೆಗೆದು ಸೆರಗಿನ ತುದಿಯಿಂದ ಒರೆಸಿದಳು. ಸೆರಗು ಒದ್ದೆಯಾಗಲಿಲ್ಲ. ದಪ್ಪ ಪಿಂಗಾಣಿ ಕಪ್ಪು ಮುಟ್ಟಿದಳು. ಅದೂ ಒಣಗಿತ್ತು, ಇನ್ನೂ ಬೆಚ್ಚಗಿತ್ತು. ಆಮೇಲೆ ಮಕ್ಕಳು ಶಾಲೆಗೆ ಒಯ್ಯುವ ಪ್ಲಾಸ್ಟಿಕ್ ಡಬ್ಬಿ ಎತ್ತಿದಳು. ಮುಚ್ಚಳದ ಅಂಚಿನ ಸಂದಿಯಿಂದ ನೀರು ಅವಳ ಮುಂಗೈ ಮೇಲೆ ಹರಿಯಿತು. ಡಬ್ಬಿಯ ಒಳಗೋಡೆಗೆ ಸಾಸಿವೆ ಕಾಳಿನಷ್ಟು, ಜೋಳದ ಕಾಳಿನಷ್ಟು ಹನಿಗಳು ಅಂಟಿಕೊಂಡಿದ್ದವು.

“ಒಂದ ಮಷಿನ್, ಒಂದ ಬಿಸಿನೀರ. ತಾಟ ಒಣಗ್ಯಾವ, ಡಬ್ಬಿ ನೋಡು ತಮ್ಮಾ, ಹಂಗ ಹಸೀ ಐತಿ. ಇದಕ್ಕೊಂದು ನ್ಯಾಯ, ಅದಕ್ಕೊಂದು ನ್ಯಾಯ ಯಾಕ?”

ಪಾತ್ರೆ ತೊಳೆಯುವ ಯಂತ್ರ ಇರುವ ಮನೆಗಳಲ್ಲೆಲ್ಲ ಈ ಪ್ರಶ್ನೆ ಒಮ್ಮೆಯಾದರೂ ಎದ್ದಿರುತ್ತದೆ. ಹೆಚ್ಚಿನವರು ಯಂತ್ರವೇ ಸರಿಯಿಲ್ಲ ಎಂದುಕೊಂಡು ಅರಿವೆ ತಗೊಂಡು ಒರೆಸಿಬಿಡುತ್ತಾರೆ. ಉತ್ತರ ಹುಡುಕಿ ಹೊರಟರೆ ಯಂತ್ರದ ಒಳಗಿನಿಂದ ಖಾನಾಪುರದ ಗಡಿಗೆಗೆ, ಅಲ್ಲಿಂದ ಅದೇ ತಾಲೂಕಿನ ಕಣಕುಂಬಿಯ ಮಳೆಗೆ ಹೋಗಿಬರಬೇಕಾಗುತ್ತದೆ. ಗಡಿಗೆಯಿಂದಲೇ ಶುರು ಮಾಡೋಣ.

ಗಡಿಗೆ ಕಲಿಸುವ ಮೊದಲ ಪಾಠ

ಖಾನಾಪುರದ ಮಣ್ಣಿಗೆ ಹೆಸರಿದೆ. ಗಡಿಗೆ, ಹರವಿ, ಹೆಂಚುಗಳ ಊರು ಅದು. ಗ್ರಾಮ ಕುಂಬಾರಿಕೆಗೆಂದೇ ಒಂದು ಕೇಂದ್ರೀಯ ಸಂಸ್ಥೆ ಅಲ್ಲಿದೆ. ಏಪ್ರಿಲ್ ಬಿಸಿಲಿನಲ್ಲಿ ಹೊರಗಿಂದ ಬಂದು ಹರವಿಯ ನೀರು ಕುಡಿದವರಿಗೆ ಆ ತಂಪು ಗೊತ್ತು. ಕರೆಂಟಿಲ್ಲ, ಮಂಜುಗಡ್ಡೆಯಿಲ್ಲ, ಆ ತಂಪು ಎಲ್ಲಿಂದ ಬಂತು?

ಸುಟ್ಟ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿವೆ. ಒಳಗಿನ ನೀರು ಅವುಗಳ ಮೂಲಕ ಜಿನುಗಿ ಹೊರಮೈಗೆ ಬರುತ್ತದೆ, ಅಲ್ಲಿಂದ ಆವಿಯಾಗಿ ಹೋಗುತ್ತದೆ. ಹೋಗುವಾಗ ಬರಿಗೈಯಲ್ಲಿ ಹೋಗುವುದಿಲ್ಲ. ನೀರಿನ ಕಣಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಆ ಹಿಡಿತ ಬಿಡಿಸಿಕೊಂಡು ಗಾಳಿಗೆ ಹಾರಲು ಶಕ್ತಿ ಬೇಕು. ಆ ಶಕ್ತಿಯನ್ನು ನೀರು ಗಡಿಗೆಯಿಂದಲೇ ಶಾಖದ ರೂಪದಲ್ಲಿ ಎತ್ತಿಕೊಳ್ಳುತ್ತದೆ. ಶಾಖ ಕಳೆದುಕೊಂಡ ಗಡಿಗೆ ತಣ್ಣಗಾಗುತ್ತದೆ.

ದೂರದ ಊರಿಗೆ ಹೊರಟವರಿಗೆ ನಮ್ಮ ಕಡೆ ಬುತ್ತಿ ಕಟ್ಟಿ ಕೊಡುತ್ತಾರೆ. ರೊಟ್ಟಿ, ಚಟ್ನಿ, ಮೊಸರನ್ನ. ಆವಿಯಾಗಿ ಹೊರಟ ನೀರಿಗೂ ಹಾಗೆಯೇ ಶಾಖದ ಬುತ್ತಿ ಬೇಕು. ಪಠ್ಯಪುಸ್ತಕಗಳಲ್ಲಿ ಇದನ್ನು ಗುಪ್ತೋಷ್ಣ ಎನ್ನುತ್ತಾರೆ. ನಾವು ಬುತ್ತಿ ಎಂದೇ ಕರೆಯೋಣ.

ಈ ಬುತ್ತಿ ಎಷ್ಟು ದೊಡ್ಡದು? ಒಂದು ಗ್ರಾಂ ನೀರನ್ನು 25 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 75 ಕ್ಯಾಲೊರಿ ಶಾಖ ಸಾಕು. ಅದೇ ಒಂದು ಗ್ರಾಂ ನೀರನ್ನು ಪೂರ್ತಿ ಆವಿ ಮಾಡಲು ಮತ್ತೆ 540 ಕ್ಯಾಲೊರಿ ಬೇಕು, ಅಂದರೆ ಏಳು ಪಟ್ಟಿಗೂ ಹೆಚ್ಚು. ಕುದಿಯದೆ, 50-60 ಡಿಗ್ರಿಯಲ್ಲೇ ಮೆಲ್ಲಗೆ ಆವಿಯಾಗುವ ನೀರಿಗೆ ಇನ್ನೂ ಸ್ವಲ್ಪ ಹೆಚ್ಚು, ಸುಮಾರು 565 ಕ್ಯಾಲೊರಿ. ನೀರು ಕಾಯಿಸುವುದು ಸಲೀಸು, ಅದನ್ನು ಹಾರಿಸಿ ಕಳಿಸುವುದು ದುಬಾರಿ. ಈ ಮಾತು ನೆನಪಿರಲಿ.

ಮಳೆಗಾಲದ ಗಡಿಗೆ, ಎರಡನೆಯ ಪಾಠ

ಅದೇ ಗಡಿಗೆಯನ್ನು ಜುಲೈ ತಿಂಗಳಲ್ಲಿ ನೋಡಿ. ಹೊರಮೈ ಸದಾ ತೇವ. ಒಳಗಿನ ನೀರಿಗೆ ಬೇಸಿಗೆಯ ಆ ತಂಪಿಲ್ಲ. ನೀರು ಜಿನುಗುತ್ತಿದೆ, ಆದರೆ ಹಾರಿ ಹೋಗುತ್ತಿಲ್ಲ. ಏಕೆಂದರೆ ಅದಕ್ಕೆ ಹೋಗಲು ಜಾಗವಿಲ್ಲ.

ಗಾಳಿಯಲ್ಲಿ ಆವಿ ಇರುವುದಕ್ಕೆ ಒಂದು ಮಿತಿಯಿದೆ. ಒಂದು ಘನ ಮೀಟರ್ ಜಾಗದಲ್ಲಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 17 ಗ್ರಾಂ ಆವಿ ಇರಬಲ್ಲದು. 30 ಡಿಗ್ರಿಯಲ್ಲಿ 30 ಗ್ರಾಂ, 50 ಡಿಗ್ರಿಯಲ್ಲಿ 83 ಗ್ರಾಂ, 60 ಡಿಗ್ರಿಯಲ್ಲಿ 130 ಗ್ರಾಂ. ಬಿಸಿ ಏರಿದಂತೆ ಜಾಗ ಹಿಗ್ಗುತ್ತಲೇ ಹೋಗುತ್ತದೆ. ಜಾಗ ಭರ್ತಿಯಾದ ಮೇಲೂ ನೀರಿನ ಕಣಗಳು ಹಾರುವುದು ನಿಲ್ಲುವುದಿಲ್ಲ. ಹಾರಿದಷ್ಟೇ ಕಣಗಳು ಮರಳಿ ಬಂದು ಅಂಟುತ್ತವೆ. ಹೋದವರೂ ಬಂದವರೂ ಸರಿಸಮವಾದಾಗ ಒದ್ದೆ ಒದ್ದೆಯಾಗಿಯೇ ಉಳಿಯುತ್ತದೆ.

ಬೆಳಗಾವಿಯಿಂದ ಖಾನಾಪುರ ಸುಮಾರು 25 ಕಿಲೋಮೀಟರ್. ಇಷ್ಟೇ ದೂರದಲ್ಲಿ ಗಾಳಿಯ ಗುಣ ಎಷ್ಟು ಬದಲಾಗುತ್ತದೆ ಎನ್ನುವುದು ಮಳೆಗಾಲದಲ್ಲಿ ಎರಡೂ ಕಡೆ ಅರಿವೆ ಒಣಹಾಕಿದವರಿಗೆ ಗೊತ್ತು. ಬೆಳಗಾವಿ ನಗರದಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆ. ಖಾನಾಪುರ ದಾಟಿ ಸಹ್ಯಾದ್ರಿಯ ನೆತ್ತಿಗೆ ಹೋದಂತೆ ಅದು ಹಲವು ಪಟ್ಟು ಏರುತ್ತದೆ. ತಾಲೂಕಿನ ಆಮಗಾಂವದಲ್ಲಿ 2010ರಲ್ಲಿ 10,000 ಮಿಲಿಮೀಟರ್ ಮೀರಿದ ಮಳೆ ದಾಖಲಾಗಿದೆ. ಅಂಥ ಗಾಳಿಯಲ್ಲಿ ಬುಟ್ಟಿಯಲ್ಲಿ ಬೋರಲು ಹಾಕಿದ ಚರಿಗೆ ಬೆಳಿಗ್ಗೆಯಿಂದ ಸಂಜೆಯವರೆಗೂ ಒದ್ದೆಯಾಗಿಯೇ ಇರುತ್ತದೆ.

ಎರಡೂ ಪಾಠ ಸೇರಿಸಿ ಹೇಳುವುದಾದರೆ, ಒಣಗುವುದೆಂದರೆ ನೀರು ಊರು ಬಿಟ್ಟು ಹೋಗುವುದು. ಅದಕ್ಕೆ ಹಾದಿಯ ಬುತ್ತಿ ಬೇಕು, ತಲುಪಲು ಊರು ಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ನೀರು ಕೂತಲ್ಲೇ ಕೂರುತ್ತದೆ.

ಮುಚ್ಚಿದ ಬಾಗಿಲಿನ ಒಳಗೆ

ಅಮೆರಿಕದ ಜೋಸೆಫೀನ್ ಕಾಕ್ರೇನ್ ಎಂಬಾಕೆ ನೀರಿನ ರಭಸದಿಂದ ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದದ್ದು 1886ರಲ್ಲಿ. 1893ರ ಷಿಕಾಗೋ ವಿಶ್ವಮೇಳದಲ್ಲಿ ಅದನ್ನು ಜನ ನೋಡಿದರು. ತಿಕ್ಕುವ ಕೆಲಸವನ್ನು ನೀರಿನ ರಭಸಕ್ಕೆ ಒಪ್ಪಿಸಬಹುದು. ಒಣಗಿಸುವ ಕೆಲಸ ಅದಕ್ಕಿಂತ ಸೂಕ್ಷ್ಮ.

ಇಂದಿನ ಯಂತ್ರಗಳಲ್ಲಿ ಹೆಚ್ಚಿನವು ಒಣಗಿಸುವಾಗ ಬಿಸಿಗಾಳಿ ಊದುವುದಿಲ್ಲ. ಎಷ್ಟೋ ಯಂತ್ರಗಳಲ್ಲಿ ಆ ಹೊತ್ತಿಗೆ ಹೀಟರ್ ಆರಿಯೇ ಇರುತ್ತದೆ. ಗುಟ್ಟು ಇರುವುದು ಅದಕ್ಕೂ ಮೊದಲಿನ ಹೆಜ್ಜೆಯಲ್ಲಿ. ಕೊನೆಯ ಸಲ ಗಲಬರಿಸುವ ನೀರನ್ನು ಯಂತ್ರ ಸುಮಾರು 65 ಡಿಗ್ರಿಗೆ ಕಾಯಿಸುತ್ತದೆ. ಆ ನೀರು ಹರಿದು ಹೋಗುತ್ತದೆ, ಕಾವು ಮಾತ್ರ ತಾಟು ಬಟ್ಟಲುಗಳ ಮೈಯಲ್ಲಿ ಉಳಿಯುತ್ತದೆ. ಅದೇ ಬುತ್ತಿ. ಪಾತ್ರೆಗೆ ಅಂಟಿದ ನೀರು ಆ ಕಾವನ್ನು ಎತ್ತಿಕೊಂಡು ಆವಿಯಾಗುತ್ತದೆ.

ಬುತ್ತಿ ಸಿಕ್ಕಿತು, ಊರು? ಬಾಗಿಲು ಮುಚ್ಚಿದೆ, ಒಳಗಿನ ಗಾಳಿ ಕ್ಷಣಮಾತ್ರದಲ್ಲಿ ಆವಿಯಿಂದ ತುಂಬಿಬಿಡುತ್ತದೆ. ಯಂತ್ರದ ಒಳಗೆ ಆಗ ಖಾನಾಪುರದ ಜುಲೈ. ಇಲ್ಲಿ ಕೆಲಸಕ್ಕೆ ಬರುವುದು ಯಂತ್ರದ ಒಳಗೋಡೆ. ತೆಳುವಾದ ಸ್ಟೀಲ್ ಗೋಡೆ ಪಾತ್ರೆಗಳಿಗಿಂತ ಬೇಗ ತಣಿಯುತ್ತದೆ. ತಣ್ಣನೆಯ ಗೋಡೆ ಮುಟ್ಟಿದ ಆವಿ ಮತ್ತೆ ನೀರಾಗಿ, ಗೋಡೆಗುಂಟ ಇಳಿದು, ತಳದ ಗುಂಡಿ ಸೇರಿ ಹೊರಹೋಗುತ್ತದೆ. ಒಲೆಯ ಮೇಲಿನ ಅನ್ನದ ಪಾತ್ರೆಯ ಮುಚ್ಚಳ ತೆಗೆದಾಗ ಅಡಿಯಲ್ಲಿ ಸಾಲುಗಟ್ಟಿದ ಹನಿಗಳು ಕಾಣುತ್ತವಲ್ಲ, ಅದೇ ಇದು. ಆವಿ ನೀರಾಗಿ ಜಾಗ ಖಾಲಿ ಮಾಡಿದಷ್ಟೂ ಪಾತ್ರೆಯಿಂದ ಇನ್ನಷ್ಟು ಆವಿ ಏಳುತ್ತದೆ. ಬಿಸಿ ತಾಟಿನಿಂದ ತಣ್ಣನೆ ಗೋಡೆಗೆ ನೀರು ಹೀಗೆ ವಲಸೆ ಹೋಗುತ್ತಲೇ ಇರುತ್ತದೆ.

ಇಲ್ಲೊಂದು ತೊಡಕಿದೆ. ಆವಿ ನೀರಾಗುವಾಗ ತಾನು ಹೊತ್ತು ತಂದ ಬುತ್ತಿಯನ್ನು ಅಲ್ಲೇ ಬಿಚ್ಚುತ್ತದೆ. ಎತ್ತಿಕೊಂಡ ಶಾಖವನ್ನೆಲ್ಲ ಗೋಡೆಗೆ ಒಪ್ಪಿಸುತ್ತದೆ. ಗೋಡೆ ಬಿಸಿಯಾಗುತ್ತಾ ಹೋದಂತೆ ವಲಸೆ ನಿಧಾನವಾಗುತ್ತದೆ. ಅದಕ್ಕೇ ಕೆಲವು ಯಂತ್ರಗಳ ಪಕ್ಕದಲ್ಲಿ ತಣ್ಣೀರು ತುಂಬಿದ ಚಪ್ಪಟೆ ತೊಟ್ಟಿ ಇಟ್ಟಿರುತ್ತಾರೆ, ಗೋಡೆ ತಣ್ಣಗೆ ಉಳಿಯಲೆಂದು.

ಇದನ್ನೇ ಬಹಳ ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ ಕಣಕುಂಬಿಗೆ ಹೋಗಬೇಕು. ಅರಬ್ಬಿ ಸಮುದ್ರದ ನೀರು ಬಿಸಿಲಿನ ಬುತ್ತಿ ಕಟ್ಟಿಕೊಂಡು ಗಾಳಿಯ ಜೊತೆ ಬರುತ್ತದೆ. ಸಹ್ಯಾದ್ರಿ ಅಡ್ಡಬಂದಾಗ ಗಾಳಿ ಮೇಲೇರುತ್ತದೆ, ಏರಿದಂತೆ ಹಿಗ್ಗಿ ತಣಿಯುತ್ತದೆ, ಆವಿಯ ಜಾಗ ಕುಗ್ಗಿ ಮಳೆ ಸುರಿಯುತ್ತದೆ. ಸಮುದ್ರದಿಂದ ತಂದ ಬುತ್ತಿ ಮೋಡದೊಳಗೆ ಬಿಚ್ಚಿಕೊಳ್ಳುತ್ತದೆ, ಆ ಶಾಖದ ಬಲದಿಂದ ಮೋಡ ಇನ್ನೂ ಮೇಲಕ್ಕೆ ಉಬ್ಬುತ್ತದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಆ ಮಳೆಯನ್ನು ಕೂಡಿಸಿಕೊಂಡು ಕೂಡಲಸಂಗಮದವರೆಗೆ ಒಯ್ಯುತ್ತಾಳೆ. ನಮ್ಮ ಅಡುಗೆಮನೆಯ ಯಂತ್ರದ ಗೋಡೆಗುಂಟ ಇಳಿಯುವ ಹನಿಗೂ ಆ ಹೊಳೆಗೂ ಹುಟ್ಟಿನ ಕಾರಣ ಒಂದೇ.

ಯಾರ ಹತ್ತಿರ ಎಷ್ಟು ಬುತ್ತಿ?

ಈಗ ಚಿಗವ್ವನ ಪ್ರಶ್ನೆಗೆ ಬರೋಣ. ಯಾವ ಪಾತ್ರೆಯ ಮೈಯಲ್ಲಿ ಎಷ್ಟು ಕಾವಿದೆ ಎಂದು ಲೆಕ್ಕ ಹಾಕಬಹುದು. 65 ಡಿಗ್ರಿಯಿಂದ 40 ಡಿಗ್ರಿಗೆ ತಣಿಯುವಷ್ಟರಲ್ಲಿ ಬಿಟ್ಟುಕೊಡುವ ಶಾಖವೆಲ್ಲ ನೀರು ಹಾರಿಸಲಿಕ್ಕೇ ಬಳಕೆಯಾಯಿತು ಎಂದಿಟ್ಟುಕೊಳ್ಳೋಣ. ಒಂದು ಗ್ರಾಂ ನೀರೆಂದರೆ ಸುಮಾರು 20 ಹನಿ.

300 ಗ್ರಾಂ ತೂಕದ ಸ್ಟೀಲ್ ತಾಟು 900 ಕ್ಯಾಲೊರಿ ಬಿಟ್ಟುಕೊಡುತ್ತದೆ. ಅಷ್ಟರಲ್ಲಿ ಸುಮಾರು 32 ಹನಿ ಹಾರಬಲ್ಲವು. 350 ಗ್ರಾಂ ತೂಕದ ದಪ್ಪ ಪಿಂಗಾಣಿ ಕಪ್ಪಿನ ಬುತ್ತಿ ಇನ್ನೂ ದೊಡ್ಡದು, 60 ಹನಿಗೆ ಸಾಲುತ್ತದೆ. 60 ಗ್ರಾಂ ತೂಕದ ತೆಳು ಸ್ಟೀಲ್ ಲೋಟಕ್ಕೆ ಬರೀ 6 ಹನಿ. ಅಷ್ಟೇ ತೂಕದ ಪ್ಲಾಸ್ಟಿಕ್ ಡಬ್ಬಿಗೆ 24 ಹನಿ!

ಈ ಕೊನೆಯ ಅಂಕಿ ಅಚ್ಚರಿ ಹುಟ್ಟಿಸುತ್ತದೆ. ತೂಕಕ್ಕೆ ತೂಕ ನೋಡಿದರೆ ಪ್ಲಾಸ್ಟಿಕ್ ಸ್ಟೀಲಿಗಿಂತ ಸುಮಾರು ನಾಲ್ಕು ಪಟ್ಟು ಶಾಖ ಹಿಡಿದಿಡುತ್ತದೆ. ಹಾಗಿದ್ದರೆ ಡಬ್ಬಿ ಲೋಟಕ್ಕಿಂತ ಚೆನ್ನಾಗಿ ಒಣಗಬೇಕಿತ್ತಲ್ಲ?

ಡಬ್ಬಿಯಲ್ಲಿ ಬುತ್ತಿ ಇದೆ, ಅದು ಹನಿಯ ಕೈಗೆ ಸಿಗುವುದಿಲ್ಲ. ಹನಿ ಕೂತ ಜಾಗ ತನ್ನ ಕಾವು ಕೊಟ್ಟು ತಣ್ಣಗಾದ ಮೇಲೆ ಅಕ್ಕಪಕ್ಕದ ಕಾವು ಅಲ್ಲಿಗೆ ಹರಿದು ಬರಬೇಕು. ಸ್ಟೀಲಿನಲ್ಲಿ ಹಾಗೆ ಹರಿಯುತ್ತದೆ. ತಾಟಿನ ಒಂದು ಮೂಲೆಯಲ್ಲಿ ಹನಿಯಿದ್ದರೆ ಸುತ್ತಲಿನ ಲೋಹವೆಲ್ಲ ತನ್ನ ಪಾಲು ಕಳಿಸುತ್ತದೆ. ಪ್ಲಾಸ್ಟಿಕ್ಕಿನ ಮೂಲಕ ಶಾಖ ಸಾಗುವುದು ಸ್ಟೀಲಿನ ಎಪ್ಪತ್ತನೆಯ ಒಂದು ಪಾಲಿನಷ್ಟು ಮಾತ್ರ. ಹನಿಯ ಕೆಳಗಿನ ಚುಕ್ಕೆ ತಣ್ಣಗಾಗಿ ಕೂತಿರುತ್ತದೆ, ಒಂದು ಬೆರಳಿನಾಚೆಯ ಕಾವು ಹನಿಗೆ ಉಪಯೋಗಕ್ಕೆ ಬಾರದೆ ಗಾಳಿಯಲ್ಲಿ ಕಳೆದುಹೋಗುತ್ತದೆ. ಬಿಸಿ ಕಡಾಯಿಗೆ ಪ್ಲಾಸ್ಟಿಕ್ ಹಿಡಿ ಹಾಕಿರುವುದೂ ಇದೇ ಗುಣಕ್ಕಾಗಿ. ಕೈ ಸುಡದಂತೆ ಕಾಯುವ ಗುಣವೇ ಇಲ್ಲಿ ಒಣಗದಂತೆ ತಡೆಯುತ್ತದೆ.

ಕೆಸುವಿನ ಎಲೆಯ ಹನಿ

ಎರಡನೆಯ ಕಾರಣ ಹನಿಯ ಆಕಾರದಲ್ಲಿದೆ. ಮಳೆಗಾಲದಲ್ಲಿ ಕೆಸುವಿನ ಎಲೆಯ ಮೇಲೆ ನೀರು ಮುತ್ತಿನಂತೆ ದುಂಡಗೆ ಕೂತು ಉರುಳುತ್ತದೆ. ಎಲೆಯ ಮೈಗೆ ನೀರು ಕಂಡರೆ ಒಲ್ಲದ ಗುಣ, ಹಾಗಾಗಿ ನೀರು ತನ್ನನ್ನೇ ತಾನು ಅಪ್ಪಿಕೊಂಡು ಉಂಡೆಯಾಗುತ್ತದೆ. ಪ್ಲಾಸ್ಟಿಕ್ ಮೈಯಲ್ಲಿ ನೀರು ಕೆಸುವಿನ ಎಲೆಯಷ್ಟು ದುಂಡಗಾಗದಿದ್ದರೂ ಹರಡುವುದಂತೂ ಇಲ್ಲ. ದಪ್ಪ ಹನಿಗೆ ಗಾಳಿ ತಾಗುವ ಮೈ ಕಡಿಮೆ, ಪಾತ್ರೆ ಮುಟ್ಟುವ ತಳವೂ ಕಡಿಮೆ.

ಶುಭ್ರವಾದ ಸ್ಟೀಲು, ಗಾಜು, ಪಿಂಗಾಣಿಯ ಮೇಲೆ ನೀರು ತೆಳುವಾಗಿ ಹರಡುತ್ತದೆ. ಹರಡಿದ ನೀರಿನ ಹೆಚ್ಚಿನ ಪಾಲು ಪರದೆ ಜಾರಿದಂತೆ ಕೆಳಗೆ ಹೋಗುತ್ತದೆ. ಬುತ್ತಿಯ ಖರ್ಚೇ ಇಲ್ಲದೆ ಹೋದ ನೀರು ಅದು. ಉಳಿದ ತೆಳು ಪದರಕ್ಕೆ ಆರೇ ಹನಿಯ ಬುತ್ತಿಯಿರುವ ಲೋಟವೂ ಸಾಲುತ್ತದೆ.

ಯಂತ್ರಕ್ಕೆ ಹಾಕುವ ರಿನ್ಸ್ ಏಡ್ ಎಂಬ ದ್ರವದ ಕೆಲಸ ಇದೇ. ಹಲವರು ಅದನ್ನು ಹೊಳಪಿಗೆ ಮಾತ್ರ ಎಂದುಕೊಳ್ಳುತ್ತಾರೆ. ನಿಜದಲ್ಲಿ ಅದು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸಿ ಉಂಡೆಯಾಗುವ ಹನಿಯನ್ನು ಚಪ್ಪಟೆಯಾಗಿಸುತ್ತದೆ. ಇದನ್ನು ಹರಡುದ್ರವ ಎಂದು ಕರೆದರೆ ಸರಿಯಾಗುತ್ತದೆ. ಕೊಳವೆಬಾವಿಯ ಗಡಸು ನೀರಿರುವ ಮನೆಗಳಿಗೆ ಇನ್ನೊಂದು ಲಾಭವಿದೆ. ಹನಿ ಕೂತಲ್ಲೇ ಒಣಗಿದರೆ ಅದರೊಳಗಿನ ಲವಣ ಬಿಳಿ ಕಲೆಯಾಗಿ ಉಳಿಯುತ್ತದೆ, ಜಾರಿ ಹೋದರೆ ಲವಣವೂ ಜೊತೆಗೆ ಹೋಗುತ್ತದೆ.

ಬೋರಲು ಹಾಕಿದ ಲೋಟದ ತಳದ ಗುಳಿಯಲ್ಲಿ ನಿಂತ ನೀರಿಗೆ ಮಾತ್ರ ಇದಾವುದೂ ಮದ್ದಲ್ಲ. ಅಲ್ಲಿ ಒಂದು ಚಮಚದಷ್ಟು, ಅಂದರೆ ಸುಮಾರು 5 ಗ್ರಾಂ ನೀರು ನಿಂತರೆ ಅದಕ್ಕೆ 2,800 ಕ್ಯಾಲೊರಿ ಬೇಕು. ಲೋಟದ ಹತ್ತಿರ ಇರುವುದು 180. ಯಂತ್ರಕ್ಕೆ ಜೋಡಿಸುವಾಗಲೇ ಲೋಟವನ್ನು ತುಸು ವಾಲಿಸಿ ಇಟ್ಟರೆ ಆ ನೀರು ನಿಲ್ಲುವುದೇ ಇಲ್ಲ.

ಹೊಸ ಯಂತ್ರಗಳು ಎಷ್ಟು ಚೆನ್ನಾಗಿ ಒಣಗಿಸುತ್ತವೆ?

ಯುರೋಪಿನಲ್ಲಿ ಇದನ್ನು ಅಳೆಯುವ ಪದ್ಧತಿಯಿದೆ. ಪ್ರತಿ ಪಾತ್ರೆಯನ್ನೂ ಕಣ್ಣಿಟ್ಟು ನೋಡಿ ಅಂಕ ಹಾಕುತ್ತಾರೆ. ಪೂರ್ತಿ ಒಣಗಿದ್ದರೆ 2, ಒಂದೆರಡು ಹನಿ ಉಳಿದಿದ್ದರೆ 1, ಅದಕ್ಕಿಂತ ಹೆಚ್ಚು ಒದ್ದೆಯಿದ್ದರೆ 0. ಚಿಗವ್ವ ಸೆರಗಿನಿಂದ ಮಾಡಿದ ಪರೀಕ್ಷೆಯೂ ಇದೇ ಬಗೆಯದು.

ಅಂಕ ಹೆಚ್ಚಿಸಿಕೊಳ್ಳಲು ಯಂತ್ರಗಳಿಗೆ ಇರುವುದು ಎರಡೇ ಹಾದಿ: ಬುತ್ತಿ ದೊಡ್ಡದು ಮಾಡುವುದು, ಇಲ್ಲವೇ ಊರು ದೊಡ್ಡದು ಮಾಡುವುದು. ಬುತ್ತಿ ದೊಡ್ಡದಾಗಲು ಕೊನೆಯ ನೀರು ಹೆಚ್ಚು ಬಿಸಿಯಿರಬೇಕು, ಆದರೆ ಕರೆಂಟು ಉಳಿಸುವ ಇಕೋ ಕ್ರಮದಲ್ಲಿ ಅದರ ಬಿಸಿ ಕಡಿಮೆ. 65ರ ಬದಲು 50 ಡಿಗ್ರಿಯಾದರೆ 40ಕ್ಕೆ ಇಳಿಯುವಷ್ಟರಲ್ಲಿ ಸಿಗುವ ಬುತ್ತಿ ಅರ್ಧಕ್ಕಿಂತಲೂ ಕಡಿಮೆ. ಪಾತ್ರೆ ಹಸಿ ಉಳಿದರೆ ಅದು ಯಂತ್ರದ ಕೆಡುಕಲ್ಲ, ಉಳಿಸಿದ ಕರೆಂಟಿನ ಬೆಲೆ.

ಕೆಲವು ಯಂತ್ರಗಳು ಕೊನೆಯಲ್ಲಿ ತಾವೇ ಬಾಗಿಲನ್ನು ಒಂದಿಷ್ಟು ತೆರೆದುಕೊಳ್ಳುತ್ತವೆ. ಆಗ ಇಡೀ ಅಡುಗೆಮನೆಯೇ ಆವಿಗೆ ಊರು. ಹಾಗೆ ತೆರೆಯದ ಯಂತ್ರವಿದ್ದವರು ಕೈಯಿಂದ ತೆರೆದರೂ ಅದೇ ಫಲ.

ಎರಡನ್ನೂ ಒಟ್ಟಿಗೆ ಮಾಡುವ ಉಪಾಯ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದದ್ದು. 1756ರಲ್ಲಿ ಸ್ವೀಡನ್ನಿನ ಕ್ರೋನ್‌ಸ್ಟೆಡ್ ಎಂಬ ಖನಿಜಶಾಸ್ತ್ರಜ್ಞ ಒಂದು ಬಗೆಯ ಕಲ್ಲನ್ನು ಕಾಯಿಸಿದಾಗ ಅದು ನೊರೆಯುಕ್ಕಿ ಆವಿ ಬಿಟ್ಟಿತು. ಅದಕ್ಕೆ ಆತ ಜಿಯೋಲೈಟ್ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ಕುದಿಯುವ ಕಲ್ಲು ಎಂದರ್ಥ. ಬೆಳಗಾವಿಯ ಕಪ್ಪುಕಲ್ಲು ದಖ್ಖನ್ನಿನ ಲಾವಾ ಹಾಸಿನ ದಕ್ಷಿಣದ ಅಂಚು. ಅದೇ ಹಾಸಿನ ಪೊಳ್ಳುಗಳಲ್ಲಿ, ಪುಣೆ, ನಾಸಿಕ್ ಕಡೆ, ಜಿಯೋಲೈಟ್ ಹರಳುಗಳು ಸಿಗುತ್ತವೆ. ಗಡಿಗೆಯ ಮಣ್ಣಿಗಿಂತ ಎಷ್ಟೋ ಸೂಕ್ಷ್ಮವಾದ ರಂಧ್ರಗಳು ಅದರ ತುಂಬ. ಬಾಷ್, ಸೀಮೆನ್ಸ್ ಹೆಸರಿನ ಕೆಲವು ಯಂತ್ರಗಳ ತಳದಲ್ಲಿ ಇಂಥ ಗುಳಿಗೆಗಳನ್ನು ತುಂಬಿರುತ್ತಾರೆ. ಒದ್ದೆ ಗಾಳಿ ಅವುಗಳ ನಡುವೆ ಹಾಯ್ದಾಗ ಆವಿ ರಂಧ್ರಗಳಲ್ಲಿ ಅಡಗುತ್ತದೆ, ಅಡಗುವಾಗ ಬುತ್ತಿ ಬಿಚ್ಚುತ್ತದೆ. ಆ ಶಾಖದಿಂದ ಬಿಸಿಯಾದ ಒಣ ಗಾಳಿ ಮತ್ತೆ ಪಾತ್ರೆಗಳ ಕಡೆ ಹೋಗುತ್ತದೆ. ಒಂದೇ ಕಲ್ಲು ಊರೂ ಆಯಿತು, ಬುತ್ತಿಯನ್ನೂ ಹಿಂದಿರುಗಿಸಿತು. ಮುಂದಿನ ಸಲ ನೀರು ಕಾಯಿಸುವಾಗ ಕಲ್ಲು ಕಾಯ್ದು ಅಡಗಿದ ಆವಿಯನ್ನು ಬಿಟ್ಟುಕೊಟ್ಟು ಮತ್ತೆ ಸಿದ್ಧವಾಗುತ್ತದೆ. ಇಂಥ ಯಂತ್ರಗಳಲ್ಲಿ ಪ್ಲಾಸ್ಟಿಕ್ಕೂ ಬಹುಮಟ್ಟಿಗೆ ಒಣಗುತ್ತದೆ, ಏಕೆಂದರೆ ಡಬ್ಬಿ ತನ್ನ ಮೈಯ ಕಾವನ್ನೇ ನಂಬಿಕೊಳ್ಳಬೇಕಿಲ್ಲ, ಬುತ್ತಿ ಗಾಳಿಯ ಜೊತೆ ಹೊರಗಿನಿಂದ ಬರುತ್ತದೆ.

ಜುಲೈ, ಖಾನಾಪುರ

ಮಳೆಗಾಲದಲ್ಲಿ ಚಿಗವ್ವನ ಮನೆಗೆ ಹೋದಾಗ ಇದನ್ನೆಲ್ಲ ಅಲ್ಲಿ ಪರೀಕ್ಷಿಸಿ ನೋಡಿದೆವು. ಯಂತ್ರವಿಲ್ಲ. ನಾಲ್ಕು ದಿನದಿಂದ ಬಿಡದ ಮಳೆ. ಒಂದೇ ಅಳತೆಯ ಎರಡು ತಾಟು ತೊಳೆದು, ಒಂದನ್ನು ತೊಟ್ಟಿಯ ತಣ್ಣೀರಿನಲ್ಲಿ ಗಲಬರಿಸಿದೆ. ಇನ್ನೊಂದನ್ನು ಬಚ್ಚಲ ಹಂಡೆಯ ಸುಡುನೀರಿನಲ್ಲಿ ಮುಳುಗಿಸಿ ಇಕ್ಕಳದಿಂದ ಎತ್ತಿದೆ. ಎರಡನ್ನೂ ಗೋಡೆಗೆ ಓರೆಯಾಗಿ ನಿಲ್ಲಿಸಿದೆ.

“ಈ ಗಾಳ್ಯಾಗ ಯಾವದೂ ಒಣಗೂದಿಲ್ಲ ಬಿಡು,” ಎಂದಳು ಚಿಗವ್ವ.

ಚಹಾ ಕುಡಿದು ಮುಗಿಯುವಷ್ಟರಲ್ಲಿ ಸುಡುನೀರಿನ ತಾಟು ಒಣಗಿತ್ತು. ತಣ್ಣೀರಿನ ತಾಟು ಸಂಜೆ ದೀಪ ಹಚ್ಚುವ ಹೊತ್ತಿಗೂ ಹಸಿಯಾಗಿತ್ತು. 24 ಡಿಗ್ರಿಯ ಆ ಗಾಳಿ ಹೊರಗೆ ತುಂಬಿ ತುಳುಕುತ್ತಿತ್ತು, ಘನ ಮೀಟರಿಗೆ ಸುಮಾರು 22 ಗ್ರಾಂ. ಅದೇ ಗಾಳಿ ಬಿಸಿ ತಾಟಿನ ಮೈ ತಾಗಿ 50 ಡಿಗ್ರಿಯಾದಾಗ ಅದರಲ್ಲಿ 83 ಗ್ರಾಂಗೆ ಜಾಗ. ಕಾವಿರುವ ಪಾತ್ರೆ ತನ್ನ ಬುತ್ತಿಯನ್ನು ತಾನೇ ಒದಗಿಸುತ್ತದೆ, ಮಳೆಗಾಲದ ಗಾಳಿಯಲ್ಲೂ ಆವಿಗೆ ಜಾಗವನ್ನು ತಾನೇ ಮಾಡಿಕೊಡುತ್ತದೆ.

ಚಿಗವ್ವ ತಾಟನ್ನು ಅಂಗೈಯಿಂದ ಸವರಿ ನೋಡಿ ಒಳಗೆ ಇಟ್ಟಳು. ಮೊಮ್ಮಗನ ಪ್ಲಾಸ್ಟಿಕ್ ಡಬ್ಬಿಯನ್ನೂ ನಾನು ಸುಡುನೀರಿನಲ್ಲಿ ಅದ್ದಿದ್ದೆ. ಅದು ನಿರೀಕ್ಷಿಸಿದಂತೆ ಹನಿ ಹೊತ್ತುಕೊಂಡೇ ಕೂತಿತ್ತು. ಅವಳು ಅದನ್ನು ಎರಡು ಸಲ ಜೋರಾಗಿ ಝಾಡಿಸಿ, ಮುಚ್ಚಳ ಬೇರೆ ಮಾಡಿ, ಒಲೆಯಿಂದ ಒಂದು ಮೊಳ ದೂರದಲ್ಲಿ ಬೆಚ್ಚಗಿನ ಗಾಳಿ ತಾಗುವಂತೆ ಬಾಯಿ ತೆರೆದು ಇಟ್ಟಳು.

“ತನ್ನ ಬುತ್ತಿ ತನಗ ಸಾಲದಿದ್ರ,” ಎಂದಳು, “ನಾವ ಕಟ್ಟಿ ಕೊಡಬೇಕಲ್ಲ ತಮ್ಮಾ.”